ಮೂವತ್ತನೇ ಪುಟದಲ್ಲಿ ಬಿಟ್ಟ ಪುಸ್ತಕ

ಪ್ರಶ್ನೆ: ಅಕ್ಕೋರೇ, ನಾನು ಕಾರವಾರ ತಾಲೂಕಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಎಂಟನೇ ತರಗತಿ ಓದುತ್ತಿದ್ದೇನೆ. ಈ ವರ್ಷದಿಂದ ನಮಗೆ ಶುಕ್ರವಾರ ಕೊನೆಯ ಪಿರಿಯಡ್ ಓದಿನ ಪಿರಿಯಡ್. ಪಠ್ಯಪುಸ್ತಕ ಬಿಟ್ಟು ಬೇರೆ ಯಾವ ಪುಸ್ತಕವನ್ನಾದರೂ ನೀವೇ ಆರಿಸಿ ಓದಿ, ದಸರಾ ರಜೆ ಮುಗಿದ ಮೇಲೆ ಅದರ ಬಗ್ಗೆ ಎರಡು ಪುಟ ಬರೆದು ಕೊಡಿ ಎಂದಿದ್ದಾರೆ. ಇಲ್ಲಿವರೆಗೆ ಮೂರು ಪುಸ್ತಕ ಹಿಡಿದೆ. ಪಿಯುಸಿ ಓದುವ ಅಣ್ಣ ತನ್ನ ‘ಮರಳಿ ಮಣ್ಣಿಗೆ’ ಕೊಟ್ಟ, 30ನೇ ಪುಟಕ್ಕೆ ಬಿಟ್ಟೆ. ಓಟದಲ್ಲಿ ಬಹುಮಾನ ಬಂದ, ಜೀವನದಲ್ಲಿ ಗೆಲ್ಲುವುದು ಹೇಗೆ ಎಂಬ ಪುಸ್ತಕವನ್ನು 12ನೇ ಪುಟಕ್ಕೆ ಬಿಟ್ಟೆ. ಮೂರನೆಯದು ಶಾಲೆಯ ಕಪಾಟಿನದು, ಒಂದು ಏಡಿಯ ಕತೆ, ತುಂಬ ಚಿತ್ರ. ಹತ್ತು ನಿಮಿಷದಲ್ಲಿ ಮುಗಿಯಿತು. ಪಕ್ಕದ ಬೆಂಚಿನವಳು ‘ಒಂದನೇತ್ತೆ ಪುಸ್ತಕ’ ಎಂದು ನಕ್ಕಳು, ವಾಪಸು ಇಟ್ಟೆ. ಅವಳು ದಪ್ಪದ ಇಂಗ್ಲಿಷ್ ಪುಸ್ತಕ ಓದುತ್ತಾಳೆ. ನಮ್ಮ ಮನೆಮಾತು ಕೊಂಕಣಿ. ಕನ್ನಡ ಪುಸ್ತಕದಲ್ಲಿ ಗೊತ್ತಿಲ್ಲದ ಶಬ್ದ ಬಹಳ ಬರುತ್ತವೆ. ನನಗೆ ಓದಲು ಬರುವುದಿಲ್ಲವೇ? ಪುಸ್ತಕ ಆರಿಸುವುದು ಹೇಗೆ?

ಉತ್ತರ: ತಂಗೀ, ನಿನ್ನ ಪತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಪುಟದ ನಂಬರು. ಮೂವತ್ತು, ಹನ್ನೆರಡು. ಸುಮ್ಮನೆ ಪುಟ ತಿರುಗಿಸುವವರಿಗೆ ಎಲ್ಲಿ ಬಿಟ್ಟೆ ಎಂಬುದು ನೆನಪಿರುವುದಿಲ್ಲ. ನೀನು ಮೂವತ್ತು ಪುಟ ಓದಿ, ಇದು ಈಗ ನನ್ನಿಂದ ಆಗದು ಎಂದು ತಿಳಿದು ನಿಲ್ಲಿಸಿದವಳು. ಹಾಗಾಗಿ ಓದಲು ಬರುವುದಿಲ್ಲವೇ ಎಂಬ ಪ್ರಶ್ನೆಯನ್ನು ಇಲ್ಲಿಗೇ ಬಿಡೋಣ. ನಿನಗೆ ಬಾರದಿರುವುದು ಆರಿಸಲು. ಅದನ್ನು ಇದುವರೆಗೆ ಯಾರೂ ಕಲಿಸಿಲ್ಲ. ಏಳು ವರ್ಷ ನಾವೇ ಪುಸ್ತಕ ಕೈಗೆ ಕೊಟ್ಟು, ಎಂಟನೇ ವರ್ಷ ಒಂದು ಶುಕ್ರವಾರ ಇದ್ದಕ್ಕಿದ್ದಂತೆ ‘ನೀವೇ ಆರಿಸಿ’ ಎಂದರೆ ಯಾವ ಮಗುವಾದರೂ ತಬ್ಬಿಬ್ಬಾಗುತ್ತದೆ.

ನಾನು ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳು. ಅಂಕೋಲೆ ಕಡೆ ಶುರುಮಾಡಿ, ಸಿದ್ದಾಪುರ ದಾಟಿ, ಶಿರಸಿಯಲ್ಲಿ ನಿವೃತ್ತಿ. ಹೋದಲ್ಲೆಲ್ಲ ಲೈಬ್ರರಿ ಚಾರ್ಜು ನನ್ನ ತಲೆಗೇ ಬೀಳುತ್ತಿತ್ತು, ಏಕೆಂದರೆ ಬೇರೆಯವರಿಗೆ ಅದು ಬೇಡ. ಆ ಕಪಾಟಿನ ಮುಂದೆ ನಿಂತು ಮಕ್ಕಳು ಪುಸ್ತಕ ಆರಿಸುವುದನ್ನು ಎಷ್ಟು ನೋಡಿದ್ದೇನೆಂದರೆ, ಬೆನ್ನು ನೋಡಿಯೇ ಹೇಳಬಲ್ಲೆ, ಇವನು ಪುಸ್ತಕ ಹುಡುಕುತ್ತಿದ್ದಾನೋ ಬೆಲ್ಲಿಗೆ ಕಾಯುತ್ತಿದ್ದಾನೋ ಎಂದು.

ನಿನ್ನ ಮೂರು ಪುಸ್ತಕಗಳನ್ನೇ ನೋಡೋಣ. ‘ಮರಳಿ ಮಣ್ಣಿಗೆ’ ಶಿವರಾಮ ಕಾರಂತರದ್ದು. ಕೋಡಿ ಎಂಬ ಕಡಲಂಚಿನ ಊರು, ಒಂದು ಮನೆ, ಮೂರು ತಲೆಮಾರು. ಕಾರಂತರಿಗೆ ಅವಸರವೇ ಇಲ್ಲ. ಮಳೆ, ಗದ್ದೆ, ಉಪ್ಪುನೀರು, ಹೆಂಗಸರ ಮುಗಿಯದ ದುಡಿತ ಎಲ್ಲವನ್ನೂ ನಿಧಾನಕ್ಕೆ ಕಟ್ಟುತ್ತ ಹೋಗುತ್ತಾರೆ. ಕತೆ ಎಲ್ಲಿಗೆ ಹೋಗುತ್ತದೆ ಎಂದು ಕಾಯುವ ವಯಸ್ಸಿನವರಿಗೆ ಅದು ಹೋಗುತ್ತಲೇ ಇಲ್ಲ ಅನಿಸುತ್ತದೆ. ನಾನು ಅದನ್ನು ಮೊದಲು ಹಿಡಿದದ್ದು ಬಿ.ಎ. ಮೊದಲ ವರ್ಷದಲ್ಲಿ. ನಾನೂ ಬಿಟ್ಟೆ. ಎರಡು ವರ್ಷ ಕಳೆದು, ಹೊಳೆ ತುಂಬಿ ಬಸ್ಸು ನಿಂತ ಒಂದು ವಾರ, ಮನೆಯಲ್ಲಿ ಬೇರೆ ಏನೂ ಇಲ್ಲದೆ ಮತ್ತೆ ತೆಗೆದೆ. ನಾಗವೇಣಿ ಎಂಬ ಸೊಸೆ ಆ ಮನೆಗೆ ಬರುತ್ತಾಳೆ. ಅವಳು ಬಂದ ಮೇಲೆ ಪುಸ್ತಕ ನನ್ನನ್ನು ಹಿಡಿದುಕೊಂಡಿತು. ಅವಳು ಬರುವುದು ನಿನ್ನ 30ನೇ ಪುಟ ದಾಟಿ ಬಹಳ ಮೇಲೆ. ಅಣ್ಣನಿಗೆ ಹದಿನೇಳು, ನಿನಗೆ ಹದಿಮೂರು. ಅವನಿಗೆ ಹಿಡಿಸಿದ್ದು ಸುಳ್ಳಲ್ಲ, ನಿನಗೆ ಹಿಡಿಸದ್ದು ತಪ್ಪಲ್ಲ.

ಎರಡನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹನ್ನೆರಡು ಪುಟ ಓದಿದ್ದೇ ಹೆಚ್ಚು. ಬಹುಮಾನದ ಪುಸ್ತಕ ಹೇಗೆ ಬರುತ್ತದೆ ಎಂದು ನನಗೆ ಗೊತ್ತು, ನಾನೇ ತಂದಿದ್ದೇನೆ. ಗ್ಯಾದರಿಂಗಿನ, ಅಂದರೆ ಶಾಲೆಯ ವಾರ್ಷಿಕೋತ್ಸವದ, ಹಿಂದಿನ ದಿನ ಪೇಟೆಗೆ ಹೋಗಿ, ಇಷ್ಟು ರೂಪಾಯಿಯೊಳಗೆ ನಲವತ್ತು ಪುಸ್ತಕ ಕೊಡಿ, ಎಲ್ಲ ಒಂದೇ ಅಳತೆ ಇರಲಿ, ಕಾಗದ ಸುತ್ತಲು ಸುಲಭ ಎಂದು ಹೇಳಿ ಹೊತ್ತು ತರುವುದು. ಓಡಿ ಗೆದ್ದವಳಿಗೆ ಗೆಲ್ಲುವುದು ಹೇಗೆ ಎಂದು ಉಪದೇಶ ಮಾಡುವ ಪುಸ್ತಕ!

ಮೂರನೆಯದು ನನಗೆ ಬೇಜಾರು ತಂದದ್ದು. ಏಡಿಯ ಕತೆ ನಿನಗೆ ಇಷ್ಟವಾಗಿತ್ತು, ಅಲ್ಲವೇ? ಇಷ್ಟವಾಗಲಿಲ್ಲ ಎಂದು ನೀನು ಎಲ್ಲೂ ಬರೆದಿಲ್ಲ. ಹತ್ತು ನಿಮಿಷದಲ್ಲಿ ಮುಗಿಯಿತು, ಅವಳು ನಕ್ಕಳು, ವಾಪಸು ಇಟ್ಟೆ ಎಂದಿದ್ದೀಯ. ಮೂರರಲ್ಲಿ ನೀನು ಬಿಡದೆ ಮುಗಿಸಿದ ಪುಸ್ತಕ ಅದೊಂದೇ, ನಾಚಿಕೆ ಪಟ್ಟದ್ದೂ ಅದಕ್ಕೇ. ನನಗೀಗ ಅರವತ್ತು ದಾಟಿದೆ, ಮೊಮ್ಮಗನ ಚಿತ್ರಪುಸ್ತಕ ಅವನಿಗಿಂತ ಮೊದಲು ನಾನು ಓದುತ್ತೇನೆ. ಹತ್ತು ಸಾಲಿನಲ್ಲಿ ಕತೆ ಹೇಳುವುದು ಮುನ್ನೂರು ಪುಟದಲ್ಲಿ ಹೇಳುವುದಕ್ಕಿಂತ ಸುಲಭ ಎಂದು ಯಾರಾದರೂ ಹೇಳಿದರೆ, ಒಮ್ಮೆ ಬರೆದು ತೋರಿಸಲು ಹೇಳು. ಆ ಪುಸ್ತಕ ಮತ್ತೆ ತೆಗೆದುಕೋ. ಈ ಸಲ ಚಿತ್ರಗಳನ್ನಷ್ಟೇ ನೋಡು. ಏಡಿಗೆ ಕಾಲು ಎಷ್ಟು ಬರೆದಿದ್ದಾರೆ ಎಂದು ಎಣಿಸು. ಕಡಲ ಬದಿಯ ಹುಡುಗಿ ನೀನು, ಚಿಮಟದಂಥ ಎರಡು ಕೊಂಬು ಸೇರಿ ಹತ್ತು ಇರಬೇಕೆಂದು ನಿನಗೆ ಗೊತ್ತು. ಚಿತ್ರ ಬರೆದವರಿಗೆ ಗೊತ್ತಿತ್ತೋ ಇಲ್ಲವೋ.

ಇನ್ನೊಂದು ಮಾತನ್ನು ದೊಡ್ಡವರು ಮಕ್ಕಳ ಮುಂದೆ ಒಪ್ಪಿಕೊಳ್ಳುವುದಿಲ್ಲ, ನಾನು ಒಪ್ಪಿಕೊಳ್ಳುತ್ತೇನೆ. ಕನ್ನಡದಲ್ಲಿ ಪುಟ್ಟ ಮಕ್ಕಳಿಗೆ ಪುಸ್ತಕವಿದೆ, ದೊಡ್ಡವರಿಗೆ ಬೇಕಾದಷ್ಟಿದೆ. ಹನ್ನೆರಡರಿಂದ ಹದಿನೈದರವರಿಗೆಂದೇ ಬರೆದದ್ದು ಕಡಿಮೆ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು ತಮ್ಮ ಪುಸ್ತಕಗಳ ಮೇಲೆ ಓದಿನ ಮಟ್ಟ 1ರಿಂದ 4 ಎಂದು ಹಾಕಿರುತ್ತಾರೆ. ನಾಲ್ಕನೇ ಮಟ್ಟ ಮುಗಿಸಿದ ಹುಡುಗಿ ಮುಂದೆ ಎಲ್ಲಿಗೆ ಹೋಗಬೇಕು? ಏಡಿಯ ಕತೆಯಿಂದ ನೇರ ಕಾರಂತರ ಕಾದಂಬರಿಗೆ ಹಾರು ಎಂದರೆ ಹೊಳೆಗೆ ಸಂಕವಿಲ್ಲದೆ ದಾಟು ಎಂದಂತೆ. ನೀನು ಬಿದ್ದದ್ದು ಆ ಜಾಗದಲ್ಲಿ. ಸಂಕ ನಾವೇ ಹಾಕಿಕೊಳ್ಳಬೇಕು, ಸಣ್ಣ ಕತೆ, ಕಾಡು ಸುತ್ತಿದವರ ಬರಹ, ಪ್ರವಾಸದ ಬರಹ, ದೊಡ್ಡವರ ಆತ್ಮಕತೆಯಲ್ಲಿ ಬಾಲ್ಯದ ಭಾಗ ಇವುಗಳಿಂದ. ಆತ್ಮಕತೆಯ ಮೊದಲ ಐವತ್ತು ಪುಟ ಓದಿ, ಅವರು ಕೆಲಸಕ್ಕೆ ಸೇರಿದೊಡನೆ ಮುಚ್ಚಿಬಿಡು. ಅಲ್ಲಿಂದ ಮುಂದೆ ಬರೀ ಮೀಟಿಂಗು.

ಈಗ ಕಪಾಟಿನ ಮುಂದೆ ನಿಲ್ಲು. ಹೊದಿಕೆಯ ಚಿತ್ರ ನೋಡಬೇಡ ಎಂದು ಹೇಳುವವರಿದ್ದಾರೆ, ನಾನು ಹೇಳುವುದಿಲ್ಲ. ನೋಡು, ಅದಕ್ಕೇ ಬರೆದಿರುವುದು. ಬೆನ್ನುಡಿಯನ್ನು ಮಾತ್ರ ನಂಬಬೇಡ. ಅದು ಹೆಚ್ಚಾಗಿ ಲೇಖಕರ ಸ್ನೇಹಿತರು ಬರೆದದ್ದು. ಮೊದಲ ಪುಟವನ್ನೂ ಪೂರ್ತಿ ನಂಬಬೇಡ, ಮದುವೆಮನೆಯ ಬಾಗಿಲಿನ ಹಾಗೆ ಅಲ್ಲಿ ಎಲ್ಲರೂ ಚೆನ್ನಾಗಿ ಮಾತಾಡಿಸುತ್ತಾರೆ. ಪುಸ್ತಕದ ನಡುವೆ ಎಲ್ಲಾದರೂ ತೆರೆದು ಒಂದು ಪುಟ ನಿಂತಲ್ಲೇ ಓದು. ಯಾರು, ಎಲ್ಲಿ ಎಂದು ತಿಳಿಯದಿದ್ದರೂ ಪರವಾಗಿಲ್ಲ. ಪುಟ ಮುಗಿದಾಗ ‘ಆಮೇಲೆ?’ ಎಂದು ಬೆರಳು ತಾನಾಗಿ ಮುಂದಿನ ಹಾಳೆಗೆ ಹೋಯಿತೇ? ಹೋದರೆ ಅದನ್ನು ತೆಗೆದುಕೋ. ಹೋಗದಿದ್ದರೆ ಇನ್ನೊಂದು ಜಾಗದಲ್ಲಿ ಒಂದು ಪುಟ. ಅಲ್ಲೂ ಇಲ್ಲದಿದ್ದರೆ ವಾಪಸು.

ಶಬ್ದದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಿನ್ನ ಪತ್ರದ ಗಂಟು ಅಲ್ಲೇ ಇದೆ. ಇಂಗ್ಲಿಷ್ ಶಾಲೆಗಳಲ್ಲಿ ಐದು ಬೆರಳಿನ ಲೆಕ್ಕ ಎಂದು ಒಂದಿದೆ. ಒಂದು ಪುಟ ಓದುತ್ತ ಗೊತ್ತಿಲ್ಲದ ಶಬ್ದಕ್ಕೆ ಒಂದೊಂದು ಬೆರಳು ಮಡಚಬೇಕು. ಐದೂ ಮಡಚಿ ಮುಷ್ಟಿಯಾದರೆ ಆ ಪುಸ್ತಕ ಸದ್ಯಕ್ಕೆ ಕಷ್ಟ. ಒಳ್ಳೆಯ ಲೆಕ್ಕವೇ. ಆದರೆ ಕನ್ನಡಕ್ಕೆ ಹಾಗೆಯೇ ತಂದರೆ ಎಡವಟ್ಟು, ಏಕೆಂದರೆ ನಮ್ಮಲ್ಲಿ ಶಬ್ದಗಳು ಒಂದರ ಕೈ ಒಂದು ಹಿಡಿದು ಬರುತ್ತವೆ. ಹಳೆಯ ಪುಸ್ತಕದಲ್ಲಿ ‘ಬಾಗಿಲಾಚೆಯಿಂದೊಬ್ಬಳು’ ಎಂದಿರುತ್ತದೆ. ಕಣ್ಣಿಗೆ ಅದು ಗೊತ್ತಿಲ್ಲದ, ಉದ್ದದ, ಹೆದರಿಸುವ ಶಬ್ದ. ಬಾಯಲ್ಲಿ ಹೇಳಿ ನೋಡು: ಬಾಗಿಲ, ಆಚೆಯಿಂದ, ಒಬ್ಬಳು. ಮೂರೂ ನಿನಗೆ ಮೂರನೇತ್ತೆಯಿಂದ ಗೊತ್ತು. ‘ಹೋಗಲಾರದವನಂತಿದ್ದ’ ಕೂಡ ಹಾಗೆಯೇ: ಹೋಗಲು, ಆರದವನ, ಅಂತೆ, ಇದ್ದ. ಸಂಧಿ ಬಿಡಿಸಿ ಬರೆಯಿರಿ ಎಂದು ಎರಡು ಅಂಕಕ್ಕೆ ಕೇಳುತ್ತೇವಲ್ಲ, ಅದರ ನಿಜವಾದ ಉಪಯೋಗ ಇಲ್ಲಿ. ಹಾಗಾಗಿ ಬೆರಳು ಮಡಚುವ ಮೊದಲು ಶಬ್ದವನ್ನು ಮೆಲ್ಲಗೆ ಉಚ್ಚರಿಸು. ತುಟಿ ಆಡಿಸಿ ಓದುವುದು ದಡ್ಡರ ಲಕ್ಷಣ ಎಂದು ಯಾರಾದರೂ ಹೇಳಿದ್ದರೆ ಮರೆತುಬಿಡು. ಬಿಡಿಸಿದ ಮೇಲೂ, ವಾಕ್ಯದ ಕೊನೆಯವರೆಗೆ ಹೋದ ಮೇಲೂ ತಿಳಿಯದಿದ್ದರೆ ಮಾತ್ರ ಬೆರಳು.

ಬೇರೆ ಸೀಮೆಯ ಪಾತ್ರೆ, ಗಿಡ, ಉಪಕರಣಗಳ ಹೆಸರಿಗೂ ಬೆರಳು ಮಡಚಬೇಡ. ಧಾರವಾಡದ ಕಡೆಯವರು ಬರೆದ ಕತೆಯಲ್ಲಿ ಕೂರಿಗೆ ಬರುತ್ತದೆ, ಬಿತ್ತುವ ಸಾಧನ. ನೀನು ನೋಡಿಲ್ಲ. ಅವರ ಊರಿನ ಹುಡುಗಿಗೆ ದೋಟಿ, ಮರದ ಮೇಲಿನ ಕಾಯಿ ಕೀಳುವ ಉದ್ದ ಕೋಲು, ಎಂದರೆ ಗೊತ್ತಿರುವುದಿಲ್ಲ, ಲೆಕ್ಕ ಸರಿಹೋಯಿತು. ಹೊಲದಲ್ಲಿ ಬಳಸುವ ಏನೋ ಒಂದು ಎಂದುಕೊಂಡು ಮುಂದೆ ಹೋದರೆ ಕತೆಗೆ ಏನೂ ಕೊರತೆಯಾಗುವುದಿಲ್ಲ.

ಮನೆಮಾತು ಕೊಂಕಣಿ ಎಂಬುದನ್ನು ನೀನು ತಪ್ಪೊಪ್ಪಿಗೆಯ ಹಾಗೆ ಬರೆದಿದ್ದೀಯ. ಅಂಕೋಲೆಯಲ್ಲಿ ನನ್ನ ತರಗತಿಯಲ್ಲಿ ಅರ್ಧ ಮಕ್ಕಳ ಮನೆಮಾತು ಬೇರೆ ಇರುತ್ತಿತ್ತು. ಪದ್ಯದಲ್ಲಿ ‘ಉದಕ’ ಬಂದಾಗ ಕನ್ನಡ ಮನೆಯ ಮಕ್ಕಳು ಮುಖ ಮುಖ ನೋಡಿಕೊಂಡರೆ, ಕೊಂಕಣಿಯವರು ‘ಉದಾಕ್! ನೀರು!’ ಎಂದು ಕೂಗುತ್ತಿದ್ದರು. ‘ಹಸ್ತ’ ಎಂದರೆ ನಿಮಗೆ ಹಾತ್ ಇದೆ, ‘ದಿವಸ’ಕ್ಕೆ ದೀಸ್ ಇದೆ. ಪುಸ್ತಕದ ಕನ್ನಡದಲ್ಲಿ ಕಷ್ಟ ಎನಿಸುವ ಎಷ್ಟೋ ಸಂಸ್ಕೃತದ ಶಬ್ದಕ್ಕೆ ನಿಮ್ಮ ಮನೆಯ ಅಡುಗೆಕೋಣೆಯಲ್ಲಿ ನೆಂಟರಿದ್ದಾರೆ. ನಿನಗೆ ಕಷ್ಟವಾಗುವುದು ಆಡುಮಾತಿನ ಕನ್ನಡ, ಅದರಲ್ಲೂ ಪಾತ್ರಗಳು ತಮ್ಮ ಊರಿನ ಮಾತಿನಲ್ಲಿ ಜಗಳವಾಡುವಾಗ. ಅಲ್ಲಿ ಮಾತ್ರ ಗೆಳತಿಯನ್ನೋ ಅಕ್ಕೋರನ್ನೋ ಕೇಳು. ಜಗಳ ಅರ್ಥವಾಗದೆ ಕತೆ ಓದಿ ಸುಖವಿಲ್ಲ.

ಒಬ್ಬ ಹುಡುಗನ ಸಂಗತಿ ಹೇಳುತ್ತೇನೆ. ಅಂಕೋಲೆಯಲ್ಲಿ ಒಂಬತ್ತನೆಯಲ್ಲಿದ್ದ. ಮೀನುಗಾರರ ಮನೆ, ಬೆಳಿಗ್ಗೆ ದೋಣಿ ಬಂದರೆ ಶಾಲೆಗೆ ತಡ. ಓದಿನಲ್ಲಿ ಹಿಂದೆ ಎಂದು ಎಲ್ಲರೂ ಬರೆದಿಟ್ಟಾಗಿತ್ತು. ಲೈಬ್ರರಿ ಪಿರಿಯಡ್ಡಿನಲ್ಲಿ ಕಪಾಟಿಗೆ ಬೆನ್ನು ಹಾಕಿ ಕೂರುತ್ತಿದ್ದ. ಒಂದು ದಿನ ಸುಮ್ಮನೆ ಒಂದು ತೆಳ್ಳಗಿನ ಪುಸ್ತಕ ಅವನ ಮುಂದಿಟ್ಟೆ. ಯಾವುದೋ ಭಾಷೆಯಿಂದ ಅನುವಾದವಾದ ಮೀನಿನ ಕತೆ. ಅರ್ಧ ಗಂಟೆ ಬಿಟ್ಟು ಪುಸ್ತಕ ಹಿಡಿದುಕೊಂಡು ಬಂದ, ಬೆರಳು ಒಂದು ಸಾಲಿನ ಮೇಲೆ. ‘ಬಂಗಡೆ ಹೊಳೇಲಿ ಇರ್ತದ ಅಕ್ಕೋರೇ?’ ಕತೆಯಲ್ಲಿ ಬಂಗಡೆ ಒಂದು ನದಿಯಲ್ಲಿ ಈಜಿಕೊಂಡು ಬೆಟ್ಟದ ಬುಡಕ್ಕೆ ಹೋಗುತ್ತಿತ್ತು. ಇರುವುದಿಲ್ಲ, ಅದು ಕಡಲ ಮೀನು, ಅನುವಾದ ಮಾಡಿದವರು ಕೈಗೆ ಸಿಕ್ಕಿದ ಮೀನಿನ ಹೆಸರು ಹಾಕಿದ್ದಾರೆ ಎಂದೆ. ಅವನ ಮುಖ ನೋಡಬೇಕಿತ್ತು. ಅಚ್ಚಾದ ಪುಸ್ತಕದಲ್ಲಿ ತಪ್ಪು! ಅದೂ ತನಗೆ ಗೊತ್ತಾಗುವಂಥದ್ದು! ಅದರ ಮರುವಾರದಿಂದ ಮೀನು, ದೋಣಿ, ಬಿರುಗಾಳಿ, ಹಡಗು ಇರುವ ಪುಸ್ತಕವೆಲ್ಲ ಅವನಿಗೆ ಬೇಕು, ತಪ್ಪು ಹುಡುಕಲು. ವರ್ಷ ಮುಗಿಯುವಾಗ ತಪ್ಪು ಹುಡುಕುವುದು ಮರೆತಿತ್ತು, ಓದುವುದು ಉಳಿದಿತ್ತು.

ಹಾಗಾಗಿ ನಿನಗೆ ಈಗಾಗಲೇ ಚೆನ್ನಾಗಿ ಗೊತ್ತಿರುವ ವಿಷಯದ ಒಂದು ಪುಸ್ತಕ ತೆಗೆದುಕೋ. ಓಟವಾಗಲಿ, ಏಡಿಯಾಗಲಿ, ನಿಮ್ಮ ಮನೆಯ ಕಸುಬಾಗಲಿ. ಅಥವಾ ದಿನಾ ನೋಡಿಯೂ ಗೊತ್ತಿಲ್ಲದ ಒಂದು ವಿಷಯ. ಕಾರವಾರದ ಕಡಲತೀರಕ್ಕೆ ಟಾಗೋರರ ಹೆಸರು ಏಕೆ ಇದೆ, ಕೇಳಿಕೊಂಡಿದ್ದೀಯಾ? ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಹರೆಯದ ರವೀಂದ್ರರು ಬಂದು ಅಣ್ಣನ ಮನೆಯಲ್ಲಿ ಇದ್ದು, ಇಲ್ಲೇ ಒಂದು ನಾಟಕ ಬರೆದರು, ‘ಪ್ರಕೃತಿರ್ ಪ್ರತಿಶೋಧ’. ತಮ್ಮ ನೆನಪಿನ ಬರಹದಲ್ಲಿ ಕಾರವಾರದ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ನಿನ್ನ ಊರಿನ ಸಮುದ್ರವನ್ನು ನೂರನಲವತ್ತು ವರ್ಷದ ಹಿಂದೆ ಒಬ್ಬ ಬಂಗಾಳಿ ಹುಡುಗ ಹೇಗೆ ನೋಡಿದ ಎಂದು ತಿಳಿಯುವ ಆಸೆ ಬಂದರೆ, ಅವರ ಜೀವನಚರಿತ್ರೆ ದಪ್ಪವಿದೆಯೋ ತೆಳ್ಳಗಿದೆಯೋ ಎಂದು ನೀನು ನೋಡುವುದಿಲ್ಲ.

ಹೆಸರು ಹೇಳಿ ಎನ್ನುತ್ತೀಯ. ಪಟ್ಟಿ ಕೊಟ್ಟರೆ ಆರಿಸುವ ಕೆಲಸ ಮತ್ತೆ ನಾನೇ ಮಾಡಿದಂತಾಗುತ್ತದೆ, ಆದರೂ ಕೆಲವು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, 1980ರದ್ದು. ಜೇನಿನಿಂದ ಹೊರಟು ಹಾರುವ ಓತಿಯವರೆಗೆ ಹೋಗುತ್ತದೆ. ದೊಡ್ಡವರಿಗೆಂದು ಬರೆದದ್ದು, ಆದರೆ ಹದಿಮೂರರವರು ಸಲೀಸಾಗಿ ಒಳಗೆ ಹೋಗುವುದನ್ನು ನಾನು ಕಂಡಿದ್ದೇನೆ. ಶಿರಸಿ ಕಡೆಯ ಅಡಿಕೆ ತೋಟಗಳಲ್ಲೂ ಆ ಓತಿ ಇದೆ. ಮರದಿಂದ ಮರಕ್ಕೆ ಒಣ ಎಲೆ ಜಾರಿದ ಹಾಗೆ ಹೋಗುತ್ತದೆ. ಪುಸ್ತಕ ಓದಿದ ಮೇಲೆ ನನ್ನ ವಿದ್ಯಾರ್ಥಿನಿಯರು ವಾರಗಟ್ಟಲೆ ತೋಟದಲ್ಲಿ ಕತ್ತು ಮೇಲೆ ಮಾಡಿಕೊಂಡೇ ತಿರುಗಿದರು. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಮಕ್ಕಳಿಗಾಗಿಯೇ ಬರೆದದ್ದು, 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆಯಿತು. ಕದ್ರಾ ಅಣೆಕಟ್ಟು, ಸೀಬರ್ಡ್ ನೌಕಾನೆಲೆ ಎಂದು ಊರು ಬಿಟ್ಟವರ ಮಕ್ಕಳು ನಿನ್ನ ತರಗತಿಯಲ್ಲೇ ಇರಬಹುದು. ಮುಳುಗುವ ಊರು ಎಂದರೆ ಏನೆಂದು ನಿಮಗೆ ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಸಿದ್ದಾಪುರದವರೇ ಆದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ ಅದೇ ಪುರಸ್ಕಾರ 2022ರಲ್ಲಿ ಬಂತು. ಮಕ್ಕಳ ಕಾದಂಬರಿ, ನಿನ್ನ ವಯಸ್ಸಿಗೆ ಸರಿ.

ಒಂದೇ ಉಸಿರಿಗೆ ಓದಿ ಮುಗಿಯುವಂಥದ್ದು ಬೇಕೆಂದರೆ ದಿನಕರ ದೇಸಾಯಿಯವರ ಚೌಪದಿಗಳು. ನಾಲ್ಕೇ ಸಾಲು. ನಮ್ಮ ಜಿಲ್ಲೆಯವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲುಗಳಿಲ್ಲದ ಕಡೆ ಹೈಸ್ಕೂಲು ತಂದವರು, ಸಿಟ್ಟು ಬಂದಾಗಲೂ ಪ್ರಾಸ ತಪ್ಪದವರು. ಬಸ್ಸಿಗೆ ಕಾಯುವಾಗ ಆರು ಚೌಪದಿ ಆಗುತ್ತದೆ, ಅದರಲ್ಲಿ ಎರಡು ಬಾಯಿಪಾಠವೇ ಆಗುತ್ತವೆ. ಯಶವಂತ ಚಿತ್ತಾಲರ ಹೆಸರನ್ನೂ ಬರೆದಿಟ್ಟುಕೋ, ಈಗ ಓದಲಿಕ್ಕಲ್ಲ. ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬದುಕಿದವರು, ಆ ಹಳ್ಳಿ ಅವರ ಕತೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಣ್ಣನ ವಯಸ್ಸಿಗೆ ಬಂದಾಗ ಒಂದು ಕತೆ ಓದಿ ನೋಡು.

ಶಾಲೆಯ ಕಪಾಟಿನಲ್ಲಿ ಇವು ಇಲ್ಲದಿರಬಹುದು, ಇದ್ದರೂ ಕೈಗೆ ಸಿಗದಿರಬಹುದು. ನಾನು ಕೆಲಸ ಮಾಡಿದ ಒಂದು ಕಡೆ ಕಪಾಟು ಹೆಡ್‌ಮಾಸ್ತರರ ಕೋಣೆಯಲ್ಲಿತ್ತು, ಬೀಗದ ಕೈ ಅವರ ಜೇಬಿನಲ್ಲಿ. ಮೊದಲ ಸಲ ತೆರೆಸಿದಾಗ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು, ಕೆಳಗಿನ ಸಾಲು ಮಳೆಗಾಲದ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿತ್ತು. ಇಶ್ಯೂ ರಿಜಿಸ್ಟರಿನಲ್ಲಿ ನಾಲ್ಕು ವರ್ಷದಿಂದ ಒಂದು ಹೆಸರಿಲ್ಲ. ಏಕೆ ಎಂದರೆ, ಪುಸ್ತಕ ಕಳೆದರೆ ಯಾರು ಕಟ್ಟಿಕೊಡುವುದು? ಅವರ ಹೆದರಿಕೆಯೂ ಸುಳ್ಳಲ್ಲ. ಮುಂದೆ ಒಮ್ಮೆ ಇಲಿ ಕಡಿದ ಏಳು ಪುಸ್ತಕಕ್ಕೆ ನಾನೇ ಲಿಖಿತ ವಿವರಣೆ ಕೊಟ್ಟಿದ್ದೇನೆ, ಇಲಿಯ ಸಹಿ ಒಂದು ಬಾಕಿ. ಗ್ರಂಥಾಲಯ ವಿಜ್ಞಾನದ ದೊಡ್ಡವರು ಎಸ್.ಆರ್. ರಂಗನಾಥನ್, 1931ರಲ್ಲಿ ಐದು ಸೂತ್ರ ಬರೆದರು. ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂದು. ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ. ಬೀಗದ ಕೈ ಜೇಬಿನಲ್ಲಿದ್ದರೆ ಮೊದಲನೆಯದರಲ್ಲೇ ಫೇಲು.

ನೀನು ನಿಮ್ಮ ಅಕ್ಕೋರ ಹತ್ತಿರ ಒಂದು ಕೇಳು: ಶುಕ್ರವಾರ ಪಿರಿಯಡ್ ಶುರುವಾಗುವ ಮೊದಲು ಮೂವತ್ತು ನಲವತ್ತು ಪುಸ್ತಕಗಳನ್ನು ಬೆಂಚಿನ ಮೇಲೆ ಮುಖ ಮೇಲಾಗಿ ಹರವಲು ಆಗುತ್ತದೆಯೇ ಎಂದು. ಹರವಲು, ಎತ್ತಿಡಲು ನಾವಿಬ್ಬರು ಬರುತ್ತೇವೆ ಎಂದು ಸೇರಿಸಿ ಹೇಳು, ಆಗ ಇಲ್ಲ ಅನ್ನುವುದಿಲ್ಲ. ಕಪಾಟಿನಲ್ಲಿ ಬೆನ್ನು ತೋರಿಸಿ ನಿಂತ ಪುಸ್ತಕವನ್ನು ಯಾರು ಆರಿಸುತ್ತಾರೆ? ಬೆಂಚಿನ ಮೇಲೆ ಮಲಗಿದ್ದು ಕೈಗೆ ಬರುತ್ತದೆ.

ಶಾಲೆಯಲ್ಲಿ ಇಲ್ಲದ್ದಕ್ಕೆ ಗ್ರಾಮ ಪಂಚಾಯಿತಿಯ ಲೈಬ್ರರಿ ಇದೆ, ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಪೇಟೆಗೆ ಬಂದರೆ ಜಿಲ್ಲಾ ಗ್ರಂಥಾಲಯ. ಒಳಗೆ ಹೋಗಲು ಅಂಜಬೇಡ. ಮನೆತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಕರ ಎಂದು ತೆರಿಗೆಯ ನೂರಕ್ಕೆ 6 ರೂಪಾಯಿ ಇರುತ್ತದೆ, ಅಪ್ಪನನ್ನು ಕೇಳಿ ನೋಡು. ನಿಮ್ಮ ದುಡ್ಡಿನ ಪುಸ್ತಕಗಳು ಅವು. ಮೊಬೈಲಿನಲ್ಲಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕತೆಗಳು ಉಚಿತ. ಆದರೆ ಮೊಬೈಲಿನಲ್ಲಿ ಕತೆ ಓದಲು ಹೋದವರು ಎಲ್ಲಿಗೆ ತಲುಪುತ್ತಾರೆ ಎಂದು ನಮ್ಮ ಮನೆಯಲ್ಲೇ ನೋಡಿದ್ದೇನೆ.

ದಪ್ಪದ ಇಂಗ್ಲಿಷ್ ಪುಸ್ತಕದವಳ ವಿಷಯ. ಓದುತ್ತಿದ್ದಾಳೆ ಎಂದರೆ ಒಳ್ಳೆಯದೇ. ಒಂದು ಶುಕ್ರವಾರ ಅವಳ ಪಕ್ಕ ಕೂತು ‘ಈಗ ಎಂತ ಆಯ್ತು ಅದರಲ್ಲಿ?’ ಎಂದು ಕೇಳು. ಹೇಳಲು ಶುರುಮಾಡಿದರೆ ನಿನಗೊಂದು ಕತೆ ಸಿಕ್ಕಿತು. ಹೇಳದಿದ್ದರೆ ಏಡಿಯ ಪುಸ್ತಕವನ್ನು ಅವಳ ಕಡೆ ಸರಿಸು, ನಗದೆ.

ಬಿಡುವುದರ ಬಗ್ಗೆ ನನ್ನದೊಂದು ನಿಯಮವಿದೆ. ಎಷ್ಟು ಬೇಕಾದರೂ ಬಿಡು, ಬಿಟ್ಟದ್ದನ್ನು ಬರೆದಿಡು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪುಸ್ತಕದ ಹೆಸರು, ಬಿಟ್ಟ ಪುಟ, ಒಂದು ಸಾಲು ಕಾರಣ. ‘ಜನ ಬಹಳ, ಯಾರು ಯಾರೆಂದು ತಿಳಿಯಲಿಲ್ಲ.’ ‘ಬರೀ ಬುದ್ಧಿ ಹೇಳುತ್ತದೆ.’ ‘ನಾಯಿ ಸತ್ತಿತು, ಮುಂದೆ ಓದಲು ಮನಸ್ಸಾಗಲಿಲ್ಲ.’ ಕೊನೆಯದು ನನ್ನ ಒಬ್ಬ ವಿದ್ಯಾರ್ಥಿನಿ ನಿಜವಾಗಿ ಬರೆದದ್ದು, ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಆ ವರ್ಷ ಓದಲಿಲ್ಲ. ಆರೇಳು ಆದಮೇಲೆ ಕಾರಣಗಳನ್ನು ಮಾತ್ರ ಮೇಲಿಂದ ಕೆಳಗೆ ಓದು. ನಿನಗೆ ಎಂಥ ಪುಸ್ತಕ ಬೇಕು ಎಂಬುದು ಅಲ್ಲೇ ಬರೆದಿರುತ್ತದೆ, ನೀನೇ ಬರೆದದ್ದು.

ಎರಡು ಪುಟದ ಬರಹಕ್ಕೂ ಇದೇ ಸಾಕು. ಕತೆಯ ಸಾರಾಂಶ ಬರೆಯಬೇಡ, ಅಕ್ಕೋರು ಅಂಥ ನಲವತ್ತು ಓದಬೇಕು, ಪಾಪ. ಏಡಿಯ ಪುಸ್ತಕದ ಬಗ್ಗೆ ಬರೆ, ಹತ್ತು ಕಾಲು ಸರಿಯಿದೆಯೇ ಎಂಬಲ್ಲಿಂದ ಶುರುಮಾಡು. ಇಲ್ಲವೇ ಮೂರು ಪುಸ್ತಕ ಬಿಟ್ಟು ನಾಲ್ಕನೆಯದು ಹೇಗೆ ಸಿಕ್ಕಿತು ಎಂದು ಬರೆ. ಅದಕ್ಕೆ ಅಂಕ ಕಡಿಮೆ ಬಂದರೆ ನನಗೆ ಪತ್ರ ಹಾಕು, ಜಗಳಕ್ಕೆ ನಾನಿದ್ದೇನೆ.

ಅಣ್ಣನ ‘ಮರಳಿ ಮಣ್ಣಿಗೆ’ಯ ಕಿವಿ ಮಡಚಿದ್ದರೆ ಬಿಚ್ಚಿ ಸರಿಮಾಡು. 30ನೇ ಪುಟದಲ್ಲಿ ಬಸ್ಸಿನ ಶೂನ್ಯ ಟಿಕೆಟ್ ಒಂದನ್ನು ಇಟ್ಟು, ಇದನ್ನು ತೆಗೆಯಬೇಡ ಎಂದು ಅವನಿಗೆ ಹೇಳಿ ವಾಪಸು ಕೊಡು. ಆ ಟಿಕೆಟಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಕು ಬರೆದಿಡು.